ಬಿಟ್‌ಕಾಯಿನ್ ಕೀಲಿಯನ್ನು ನನ್ನ ಕೈಗೆ ತಂದುಕೊಂಡದ್ದು

ನನಗೆ ಬಿಟ್‌ಕಾಯಿನ್ ಹಿಡಿಸಿದ್ದು ಬೆಲೆ ಏರುತ್ತಿದೆ ಅಂತಲ್ಲ, ಅದನ್ನು ಯಾರೂ ಬೇಕೆಂದಾಗ ಅಚ್ಚು ಹಾಕಲಾರರು ಅಂತ. ಒಟ್ಟು 2.1 ಕೋಟಿ, ಅಷ್ಟೇ. ಸುಮಾರು ಹತ್ತು ನಿಮಿಷಕ್ಕೊಂದು ಬ್ಲಾಕ್, ಅಂದರೆ ವ್ಯವಹಾರಗಳ ಒಂದು ಕಟ್ಟು, ಬರುತ್ತದೆ, ಅದರ ಜೊತೆ ಹೊಸ ಬಿಟ್‌ಕಾಯಿನ್ ಹುಟ್ಟುತ್ತದೆ. 2009ರಲ್ಲಿ ಬ್ಲಾಕಿಗೆ 50 ಸಿಗುತ್ತಿತ್ತು. ಪ್ರತಿ 2,10,000 ಬ್ಲಾಕಿಗೊಮ್ಮೆ ಅರ್ಧವಾಗುತ್ತಾ ಬಂದು, 2024ರ ಏಪ್ರಿಲ್‌ನಲ್ಲಿ 3.125ಕ್ಕೆ ಇಳಿಯಿತು.

ಚಿನ್ನದಲ್ಲಿ ಹೀಗಿಲ್ಲ. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿದ್ದು ಚಿನ್ನ ಪೂರ್ತಿ ಮುಗಿದು ಅಲ್ಲ, ತೆಗೆಯುವ ಖರ್ಚು ಗಿಟ್ಟದೆ. ಬೆಲೆ ಏರಿದಾಗ ಅಲ್ಲಿನ ಸೈನೈಡ್ ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಮಾತು ಬರುತ್ತದೆ. ಬೆಲೆ ಏರಿದಷ್ಟೂ ಅಗೆಯುವವರು ಜಾಸ್ತಿ, ಸಿಗುವ ಚಿನ್ನವೂ ಜಾಸ್ತಿ. ಬಿಟ್‌ಕಾಯಿನ್‌ನಲ್ಲಿ ಹೊಸ ಬ್ಲಾಕಿಗಾಗಿ ಲೆಕ್ಕ ಬಿಡಿಸುವ ಯಂತ್ರ ಎಷ್ಟು ಬಂದು ಕೂತರೂ ವೇಗ ಹೆಚ್ಚು ದಿನ ಬದಲಾಗಿರುವುದಿಲ್ಲ. ಪ್ರತಿ 2016 ಬ್ಲಾಕಿಗೊಮ್ಮೆ, ಅಂದರೆ ಹೆಚ್ಚುಕಡಿಮೆ ಎರಡು ವಾರಕ್ಕೊಮ್ಮೆ, ಬಿಡಿಸಬೇಕಾದ ಲೆಕ್ಕ ತಾನಾಗಿ ಕಷ್ಟವಾಗುತ್ತದೆ. ಯಂತ್ರಗಳು ಕಡಿಮೆಯಾದರೆ ಸುಲಭವಾಗುತ್ತದೆ. ಇದು ಗಟ್ಟಿ ದುಡ್ಡು ಅಂತ ನನಗೆ ಅನ್ನಿಸಿದ್ದು ಇಲ್ಲೇ.

ಹಾಗಂತ ಬೆಲೆ ನೆಟ್ಟಗೆ ನಿಲ್ಲುವುದಿಲ್ಲ. 2021ರ ನವೆಂಬರ್‌ನಲ್ಲಿ ಸುಮಾರು 69,000 ಡಾಲರ್ ಇದ್ದದ್ದು ಒಂದೇ ವರ್ಷದಲ್ಲಿ 16,000ದ ಹತ್ತಿರಕ್ಕೆ ಬಿತ್ತು. ಮಕ್ಕಳ ಫೀಸು, ಮನೆ ಬಾಡಿಗೆಯ ದುಡ್ಡನ್ನು ಇದಕ್ಕೆ ಹಾಕಲೇಬಾರದು. ತರಕಾರಿ ಅಂಗಡಿಗೆ ಯುಪಿಐ ಸಾಕು.

ಕೊಂಡದ್ದನ್ನು ಎಕ್ಸ್‌ಚೇಂಜ್ ಆಪ್‌ನಲ್ಲೇ ಬಿಟ್ಟರೆ ಕೀಲಿ, ಅಂದರೆ ಅದನ್ನು ಖರ್ಚು ಮಾಡಲು ಬೇಕಾದ ಗುಟ್ಟಿನ ಸಂಖ್ಯೆ, ಅವರ ಹತ್ತಿರವೇ ಇರುತ್ತದೆ. ನಮಗೆ ಕಾಣುವುದು ಅವರ ಲೆಕ್ಕದ ಪುಸ್ತಕದ ಒಂದು ಅಂಕಿ. ಜಪಾನಿನ ಎಕ್ಸ್‌ಚೇಂಜ್ ಮೌಂಟ್ ಗಾಕ್ಸ್ 2014ರಲ್ಲಿ ದಿವಾಳಿ ಎದ್ದಿತು, ಎಫ್‌ಟಿಎಕ್ಸ್ 2022ರಲ್ಲಿ. ನಮ್ಮ ದೇಶದ ವಜೀರ್‌ಎಕ್ಸ್‌ನಿಂದ 2024ರ ಜುಲೈನಲ್ಲಿ ಸುಮಾರು 23 ಕೋಟಿ ಡಾಲರ್ ಮೌಲ್ಯದ ಕ್ರಿಪ್ಟೊ ಕಳುವಾಯಿತು. ಯಾರೂ ಅಚ್ಚು ಹಾಕಲಾರದ ದುಡ್ಡನ್ನು ಬೇರೆಯವರ ಕೈಯಲ್ಲಿಟ್ಟು ಕೂರುವುದರಲ್ಲಿ ಅರ್ಥ ಇಲ್ಲ ಅಲ್ವಾ? ಹಾಗಾಗಿ ನಾನು ಹಾರ್ಡ್‌ವೇರ್ ವಾಲೆಟ್, ಅಂದರೆ ಕೀಲಿಯನ್ನು ತನ್ನೊಳಗೇ ಇಟ್ಟುಕೊಳ್ಳುವ ಚಿಕ್ಕ ಸಾಧನ, ತರಿಸಿದೆ.

ಅದನ್ನು ತಯಾರಿಸುವ ಕಂಪನಿಯಿಂದಲೇ ನೇರವಾಗಿ ತರಿಸಿದೆ. ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಡಬ್ಬಿಯೊಳಗಿನ ಕಾರ್ಡಿನಲ್ಲಿ ಮೊದಲೇ ಕೀಲಿಯ ಪದಗಳು (ಇವು ಗೊತ್ತಿದ್ದವರು ಬೇರೆ ಸಾಧನದಲ್ಲೂ ಅದೇ ಕೀಲಿಯನ್ನು ಮತ್ತೆ ಹುಟ್ಟಿಸಬಹುದು) ಬರೆದಿದ್ದರೆ ಅದು ಮೋಸ, ಅದಕ್ಕೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಪದಗಳನ್ನು ಆ ಸಾಧನವೇ ನಮ್ಮೆದುರು ಹುಟ್ಟಿಸಬೇಕು. ನನ್ನದರಲ್ಲಿ 24 ಇಂಗ್ಲಿಷ್ ಪದಗಳು ಒಂದೊಂದಾಗಿ ಚಿಕ್ಕ ತೆರೆಯ ಮೇಲೆ ಬಂದವು. 2048 ಪದಗಳ ಒಂದು ಪಟ್ಟಿಯಿಂದ ಅವು ಬರುತ್ತವೆ. ಪೆನ್ಸಿಲ್ ಹಿಡಿದು ಕಾಗದದ ಮೇಲೆ ಬರೆದುಕೊಂಡೆ. ಫೋಟೊ ತೆಗೆಯಲಿಲ್ಲ, ಗೂಗಲ್ ಡ್ರೈವ್‌ಗೆ ಹಾಕಲಿಲ್ಲ, ಯಾರಿಗೂ ವಾಟ್ಸಾಪ್ ಮಾಡಲಿಲ್ಲ. ಫೋನು ಟೇಬಲ್ ಮೇಲೂ ಇರಲಿಲ್ಲ.

ಕಾಗದ ಮಳೆಗೆ, ಬೆಂಕಿಗೆ ಉಳಿಯುವುದಿಲ್ಲ. ಅದಕ್ಕೆ ಒಂದು ಸ್ಟೇನ್‌ಲೆಸ್ ಸ್ಟೀಲ್ ತಗಡು, ಅಕ್ಷರ ಕುಟ್ಟುವ ಪಂಚ್ ಸೆಟ್ ತಂದೆ. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆದುಕೊಡುತ್ತಾರೆ ನಿಜ, ಆದರೆ ಈ ಪದಗಳನ್ನು ಇನ್ನೊಬ್ಬರು ನೋಡಬಾರದು. ಪ್ರತಿ ಪದದ ಮೊದಲ ನಾಲ್ಕು ಅಕ್ಷರ ಕುಟ್ಟಿದರೆ ಸಾಕು. ಪಟ್ಟಿಯಲ್ಲಿ ಯಾವ ಎರಡು ಪದಕ್ಕೂ ಮೊದಲ ನಾಲ್ಕು ಒಂದೇ ಇರುವುದಿಲ್ಲ. ತಗಡಿನ ಕೆಳಗೆ ಮರದ ಮಣೆ ಇಟ್ಟುಕೊಂಡು ಹೊಡೆದರೆ ಅಕ್ಷರ ಜಾರುವುದಿಲ್ಲ.

ಆಮೇಲೆ ಮಾಡಿದ್ದೇ ಎಲ್ಲಕ್ಕಿಂತ ಮುಖ್ಯ. ಎಕ್ಸ್‌ಚೇಂಜ್‌ನಿಂದ ಮೊದಲು ಸ್ವಲ್ಪವೇ ಕಳಿಸಿದೆ. ಕಾಪಿ ಮಾಡಿದ ವಿಳಾಸವನ್ನು (ದುಡ್ಡು ಹೋಗಬೇಕಾದ ಜಾಗದ ಉದ್ದನೆಯ ಅಕ್ಷರ-ಅಂಕಿಗಳ ಸಾಲು) ಪೇಸ್ಟ್ ಮಾಡುವಾಗ ಬದಲಾಯಿಸುವ ವೈರಸ್‌ಗಳಿವೆ. ಹಾಗಾಗಿ ಕಂಪ್ಯೂಟರಿನಲ್ಲಿದ್ದ ವಿಳಾಸವನ್ನು ಸಾಧನದ ತೆರೆಯ ಜೊತೆ ಅಕ್ಷರ ಅಕ್ಷರ ತಾಳೆ ನೋಡಿದೆ. ಮೊದಲು ಮತ್ತು ಕೊನೆ ನೋಡಿ ಬಿಟ್ಟರೆ ಸಾಲದು, ನಡುವೆಯೂ ನೋಡಬೇಕು. ನೆಟ್‌ವರ್ಕ್ ಆರಿಸುವಲ್ಲಿ ಬಿಟ್‌ಕಾಯಿನ್ ಎಂದೇ ಇರಬೇಕು. ಕಳಿಸಿದ್ದು ಖಾತ್ರಿಯಾಗಲಿ ಅಂತ ಆರು ಬ್ಲಾಕ್ ಆಗುವವರೆಗೆ ಕಾದೆ. ದುಡ್ಡು ಬಂದ ಮೇಲೆ ಸಾಧನವನ್ನು ಪೂರ್ತಿ ಅಳಿಸಿ ಹೊಸದರ ಹಾಗೆ ಮಾಡಿದೆ. ತಗಡನ್ನು ನೋಡಿಕೊಂಡು 24 ಪದ ಮತ್ತೆ ಒತ್ತಿದೆ. ಅದೇ ವಿಳಾಸ, ಅದೇ ಮೊತ್ತ ಕಾಣಿಸಿತು. ಅದಾದ ಮೇಲೆಯೇ ಉಳಿದದ್ದನ್ನು ಕಳಿಸಿದ್ದು. ಎಷ್ಟೋ ಜನ ಈ ಪರೀಕ್ಷೆ ಮಾಡುವುದೇ ಇಲ್ಲ. ಪದ ತಪ್ಪಾಗಿ ಬರೆದಿದ್ದರೆ ಅದು ಗೊತ್ತಾಗುವುದು ಸಾಧನ ಕೆಟ್ಟ ದಿನ, ಆಗ ಏನೂ ಮಾಡಲು ಆಗುವುದಿಲ್ಲ.

ಚೂರು ಚೂರೇ ವಾಲೆಟ್‌ಗೆ ಕಳಿಸುತ್ತಾ ಹೋಗಬೇಡಿ. ಪ್ರತಿ ಸಲ ಶುಲ್ಕ ಬೀಳುತ್ತದೆ, ಮುಂದೆ ಆ ಚೂರುಗಳನ್ನೆಲ್ಲ ಒಟ್ಟಿಗೆ ಖರ್ಚು ಮಾಡುವಾಗ ಇನ್ನೂ ಜಾಸ್ತಿ ಬೀಳುತ್ತದೆ. ನಾನು ಒಂದು ಮೊತ್ತ ಸೇರಿದ ಮೇಲೆ ಒಮ್ಮೆಗೇ ತೆಗೆಯುತ್ತೇನೆ.

ತೆರಿಗೆ ವಿಷಯದಲ್ಲಿ ಸುಮ್ನೆ ಕಣ್ಣು ಮುಚ್ಚಿಕೊಳ್ಳಬೇಡಿ. 2022ರ ಏಪ್ರಿಲ್ 1ರಿಂದ ಮಾರಿದ ಲಾಭದ ಮೇಲೆ ಶೇ 30, ಅದರ ಮೇಲೆ ಸೆಸ್. ಜುಲೈನಿಂದ ಮಾರುವಾಗ ಶೇ 1 ಟಿಡಿಎಸ್. ಒಂದು ಕ್ರಿಪ್ಟೊದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಬಿಡುವುದಿಲ್ಲ. ಇದು ಕಠಿಣ ನಿಯಮ, ನನಗೆ ಒಪ್ಪಿಗೆಯೂ ಇಲ್ಲ. ಆದರೂ ಪ್ರತಿ ಖರೀದಿಯ ರಸೀದಿ, ದಿನಾಂಕ, ರೂಪಾಯಿ ಬೆಲೆ ಇಟ್ಟುಕೊಂಡಿದ್ದೇನೆ.

ಇದನ್ನೆಲ್ಲ ನಾನೊಬ್ಬನೇ ತಿಳಿದಿದ್ದರೆ ಪ್ರಯೋಜನವಿಲ್ಲ. ಕೀಲಿ ಕಳೆದರೆ ದೂರು ಕೊಡಲು ಕಚೇರಿ ಇಲ್ಲ, ನಾಮಿನಿಯೂ ಇಲ್ಲ. ತಗಡು ಎಲ್ಲಿದೆ, ಏನು ಮಾಡಬೇಕು, ಯಾರನ್ನು ನಂಬಬಾರದು ಅಂತ ಹೆಂಡತಿಗೆ ಕನ್ನಡದಲ್ಲಿ ಒಂದು ಪತ್ರ ಬರೆದಿಟ್ಟೆ. ಪದಗಳನ್ನು ಅದರಲ್ಲಿ ಬರೆಯಲಿಲ್ಲ. ಪತ್ರ ಮಾತ್ರ ನೋಡಿಕೊಂಡು ಬೇರೆ ಸಾಧನದಲ್ಲಿ ಅವಳೇ ವಾಲೆಟ್ ತೆರೆಯಲಿ ಅಂತ ಪಕ್ಕದಲ್ಲಿ ಸುಮ್ಮನೆ ಕೂತೆ. ಸಾಧನ ತೆರೆಯುವ ಪಿನ್ ಯಾವುದು, 24 ಪದ ಯಾವುದು ಅನ್ನುವಲ್ಲಿ ಅವಳು ನಿಂತಳು. ಆ ಭಾಗವನ್ನು ಅವಳ ಮಾತಿನಲ್ಲೇ ತಿದ್ದಿಸಿ ಬರೆದೆವು.