ಊಟ ಹೆಚ್ಚಿಸಿದ ಮೇಲೆ ಇಳಿದ ಫಾಸ್ಟಿಂಗ್: ನನ್ನ ಅನುಭವ

ಬಸಿರಿನ 26ನೆಯ ವಾರದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ ಮಾಡಿದ ಪರೀಕ್ಷೆಯಲ್ಲಿ ನನ್ನ ಅಂಕಿಗಳು 97, 188 ಮತ್ತು 149 ಎಂದು ಬಂದವು. ಮಿತಿಗಳು ಬರಿಹೊಟ್ಟೆಗೆ 92, ಒಂದು ಗಂಟೆಯ ನಂತರ 180 ಮತ್ತು ಎರಡು ಗಂಟೆಯ ನಂತರ 153. ಒಂದು ದಾಟಿದರೂ ಗರ್ಭಾವಸ್ಥೆಯ ಮಧುಮೇಹವೆಂದೇ ಲೆಕ್ಕ. ನನಗೆ ಎರಡು ದಾಟಿದ್ದವು. ಊಟದ ನಂತರದ ಶುಗರ್ ಹತ್ತು ಹನ್ನೆರಡು ದಿನಗಳಲ್ಲಿ ಹಿಡಿತಕ್ಕೆ ಬಂದುದರಿಂದ ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ. ನನ್ನನ್ನು ಕಾಡಿದ್ದು ಬೆಳಗಿನ ಫಾಸ್ಟಿಂಗ್, ಅಂದರೆ ಬರಿಹೊಟ್ಟೆಯ ಶುಗರ್. ಅದು ಕೊನೆಗೆ ಇಳಿದದ್ದು ನಾನು ರಾತ್ರಿಯ ಆಹಾರವನ್ನು ಹೆಚ್ಚಿಸಿದ ಮೇಲೆ. ಹಾಗೆ ಆಗಲು ಸಾಧ್ಯವಿಲ್ಲವೆಂದು ನನಗೆ ಹೇಳಿದವರು ಐದಾರು ಜನ. ಅವರಲ್ಲಿ ಇಬ್ಬರು ಇದೇ ತೊಂದರೆಯನ್ನು ಅನುಭವಿಸಿ ಹೆತ್ತವರು.

ಮೊದಮೊದಲು ಮನೆಯವರ ವಾದ ಕಾಯಿಲೆಯೇ ಇಲ್ಲವೆಂಬುದಾಗಿತ್ತು. ಸಾಮಾನ್ಯ ವ್ಯಕ್ತಿಗೆ ಫಾಸ್ಟಿಂಗ್ 100ರೊಳಗಿದ್ದರೆ ಸಾಕು, ನಿನ್ನದು 97 ತಾನೇ ಎಂದು ನನ್ನ ತಾಯಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 5.2 ಬಂದಿರುವುದನ್ನು ನನ್ನ ಪತಿ ಸಾಕ್ಷಿಯಾಗಿ ತೋರಿಸುತ್ತಿದ್ದರು. ಬಸುರಿಯ ಮೈಯಲ್ಲಿ ಕೆಂಪು ರಕ್ತಕಣಗಳು ಬೇಗ ಬೇಗ ಬದಲಾಗುವುದರಿಂದ ಆ ಅಂಕಿ ಸಹಜವಾಗಿಯೇ ಕೆಳಗಿರುತ್ತದೆ, ಅದನ್ನು ನಂಬಿ ಕೂರುವಂತಿಲ್ಲ ಎಂದು ಅವರಿಗೆ ಒಪ್ಪಿಸಲು ಒಂದು ವಾರ ಹಿಡಿಯಿತು. 2008ರಲ್ಲಿ ಪ್ರಕಟವಾದ ಹ್ಯಾಪೋ ಅಧ್ಯಯನದಲ್ಲಿ ಒಂಬತ್ತು ದೇಶಗಳ ಸುಮಾರು 25,000 ಗರ್ಭಿಣಿಯರನ್ನು ಗಮನಿಸಿದಾಗ, ತಾಯಿಯ ಶುಗರ್ ಏರಿದಷ್ಟೂ ಮಗುವಿನ ತೂಕವೂ ಸಿಸೇರಿಯನ್ ಆಗುವ ಸಂಭವವೂ ಮೆಟ್ಟಿಲು ಮೆಟ್ಟಿಲಾಗಿ ಏರಿದ್ದು ಕಂಡುಬಂದಿತು. ಇಲ್ಲಿಯವರೆಗೆ ಕ್ಷೇಮ ಎನ್ನಬಹುದಾದ ಗೆರೆ ಅಲ್ಲಿ ಸ್ಪಷ್ಟವಾಗಿ ಸಿಗಲಿಲ್ಲ. 92 ಎಂಬ ಮಿತಿ ಹುಟ್ಟಿದ್ದು ಅಲ್ಲಿಂದಲೇ. ಇದನ್ನು ಕೂರಿಸಿಕೊಂಡು ವಿವರಿಸಿದ ಮೇಲೆ ಮನೆಯಲ್ಲಿ ವಾದ ನಿಂತಿತು, ಆದರೆ ವಾದ ನಿಂತ ಮಾತ್ರಕ್ಕೆ ಫಾಸ್ಟಿಂಗ್ ಇಳಿಯಲಿಲ್ಲ.

ನಾನು ಮಾಡಿದ ಮೊದಲ ತಪ್ಪು ಬಹಳ ಜನ ಮಾಡುವ ತಪ್ಪೇ. ಹೆದರಿಕೆಯಲ್ಲಿ ಅನ್ನ, ಬ್ರೆಡ್ಡು, ಹಣ್ಣು, ಹಾಲು ಎಲ್ಲವನ್ನೂ ಒಟ್ಟಿಗೆ ಕಡಿಮೆ ಮಾಡಿದೆ. ದಿನಕ್ಕೆ ಕನಿಷ್ಠ 175 ಗ್ರಾಂ ಕಾರ್ಬೋಹೈಡ್ರೇಟ್ ಬೇಕೆಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರೂ ನಾನು ತಿನ್ನುತ್ತಿದ್ದದ್ದು ಹೆಚ್ಚೆಂದರೆ 90 ಇರಬಹುದು. ಊಟವಾಗಿ ಒಂದು ಗಂಟೆಗೆ ನೋಡಿದರೆ 105, 110, ಒಂದು ದಿನ 98. ಪುಸ್ತಕದಲ್ಲಿ ಆ ಅಂಕಿಗಳನ್ನು ಬರೆಯುವಾಗ ನನಗೆ ಹೆಮ್ಮೆಯಾಗುತ್ತಿತ್ತು. ಆದರೆ ಬೆಳಗಿನ ಅಂಕಿ ಮಾತ್ರ 96ರಿಂದ 99, ಅಲ್ಲಿಂದ 101, 104 ಎಂದು ಮೇಲಕ್ಕೇ ಹೋಯಿತು. ರಾತ್ರಿ ತಿಂದದ್ದೇ ಹೆಚ್ಚಾಯಿತೇನೋ ಎಂದು ಎರಡು ರಾತ್ರಿ ಬರೀ ತರಕಾರಿ ಸಾರು ಕುಡಿದು ಮಲಗಿದೆ. ಮೊದಲ ಬೆಳಗ್ಗೆ 103, ಎರಡನೆಯ ಬೆಳಗ್ಗೆ 106 ಬಂತು. ಆ 106 ನಾನು ಇಡೀ ಬಸಿರಿನಲ್ಲಿ ಕಂಡ ಅತಿ ಕೆಟ್ಟ ಫಾಸ್ಟಿಂಗ್. ಎರಡು ವಾರಗಳಲ್ಲಿ ತೂಕ ಸುಮಾರು ಒಂದೂವರೆ ಕಿಲೋ ಇಳಿದಿತ್ತು, ಮೂತ್ರದ ಕೀಟೋನ್ ಪಟ್ಟಿ ಬೆಳಗ್ಗೆ ನೇರಳೆಗೆ ತಿರುಗುತ್ತಿತ್ತು, ಅಂದರೆ ಆಹಾರ ಸಾಲದೆ ಮೈ ಕೊಬ್ಬನ್ನು ಕರಗಿಸುತ್ತಿತ್ತು. ಇದೇ ವೇಗದಲ್ಲಿ ಹೋದರೆ 28ನೆಯ ವಾರಕ್ಕೇ ಇನ್ಸುಲಿನ್ ಶುರು ಮಾಡುವುದಾಗಿ ವೈದ್ಯರು ಹೇಳಿದರು.

ಆ 106ರ ಬೆಳಗ್ಗೆಯೇ ನಾನು ಪುಸ್ತಕವನ್ನು ಹಿಂದಕ್ಕೆ ತಿರುವಿ ನೋಡಿದೆ. ಚೆನ್ನಾಗಿ ಊಟ ಮಾಡಿದ ರಾತ್ರಿಗಳ ಮರುದಿನ 94, 95. ಹಸಿದು ಮಲಗಿದ ರಾತ್ರಿಗಳ ಮರುದಿನ 100ರ ಮೇಲೆ. ಹದಿನಾಲ್ಕು ದಿನಗಳಲ್ಲಿ ಹನ್ನೊಂದು ದಿನ ಹೀಗೇ ಇತ್ತು. ರಾತ್ರಿ ಏಳಕ್ಕೆ ಊಟ ಮುಗಿಸಿ ಬೆಳಗ್ಗೆ ಏಳಕ್ಕೆ ಬೆರಳು ಚುಚ್ಚಿ ಶುಗರ್ ನೋಡಿದರೆ ನಡುವೆ ಹನ್ನೆರಡು ಗಂಟೆ ಬರಿಹೊಟ್ಟೆ. ನಸುಕಿನಲ್ಲಿ ಯಕೃತ್ತು ತಾನೇ ಗ್ಲೂಕೋಸ್ ಬಿಡುತ್ತದೆ, ಆ ಹೊತ್ತಿನ ಹಾರ್ಮೋನುಗಳು ಇನ್ಸುಲಿನ್ ಕೆಲಸವನ್ನು ಮಂದ ಮಾಡುತ್ತವೆ. ನಾನು ಹಸಿದಷ್ಟೂ ಅದು ಹೆಚ್ಚಾಗುತ್ತಿದೆ ಎಂಬುದು ನನ್ನ ಊಹೆಯಾಗಿತ್ತು. ಮಲಗುವ ಮುನ್ನ ಇನ್ನೊಮ್ಮೆ ತಿನ್ನುತ್ತೇನೆ ಎಂದಾಗ ವೈದ್ಯರು ಕೂಡಲೇ ಹೂಂ ಎನ್ನಲಿಲ್ಲ. ಕೆಲವರಿಗೆ ಹೊಂದಬಹುದು, ಕೆಲವರಿಗೆ ಇನ್ನೂ ಏರಬಹುದು, ಒಂದು ವಾರ ನೋಡೋಣ, ಪ್ರತಿದಿನ ಕೀಟೋನ್ ನೋಡಬೇಕು, 105 ದಾಟಿದರೆ ಅಂದೇ ಕರೆ ಮಾಡಬೇಕು ಎಂಬ ಷರತ್ತಿನ ಮೇಲೆ ಒಪ್ಪಿದರು. ಮನೆಯಲ್ಲಿ ಮಾತ್ರ ಯಾರೂ ಒಪ್ಪಲಿಲ್ಲ. ಶುಗರ್ ಇರುವವಳು ರಾತ್ರಿ ಹತ್ತಕ್ಕೆ ಎದ್ದು ತಿನ್ನುವುದನ್ನು ನೋಡಿ ನಮ್ಮ ಅತ್ತೆ ಅಡುಗೆಮನೆಯ ಬಾಗಿಲಲ್ಲೇ ನಿಂತು ಬೇಡವೆಂದರು.

ನನ್ನ ಕ್ರಮ ಸರಳವಾಗಿತ್ತು: ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ಮೂರು ದಿನ ಕದಲಿಸದೆ ಪಾಲಿಸುವುದು, ಮೂರು ಬೆಳಗಿನ ಅಂಕಿಗಳನ್ನು ನೋಡಿ ಇಟ್ಟುಕೊಳ್ಳುವುದು ಇಲ್ಲವೆ ಬಿಡುವುದು. ಮೊದಲು ಹತ್ತು ಗಂಟೆಗೆ ಒಂದು ಸೇಬು ತಿಂದೆ; 102, 99, 103. ಅದನ್ನು ಬಿಟ್ಟೆ. ಬರೀ ಬಾದಾಮಿ ತಿಂದಾಗ 98, 100, 97. ಮೊಟ್ಟೆಯೊಂದನ್ನೇ ತಿಂದಾಗಲೂ ಹೆಚ್ಚುಕಡಿಮೆ ಅಷ್ಟೇ. ನಿಧಾನವಾಗಿ ಕರಗುವ ಧಾನ್ಯವನ್ನು ಸ್ವಲ್ಪ, ಅದರ ಜೊತೆಗೆ ಪ್ರೋಟೀನ್ ಮತ್ತು ಕೊಬ್ಬು ಎರಡನ್ನೂ ಸೇರಿಸಿ ತಿಂದಾಗ ಮೊದಲ ಬಾರಿಗೆ 93, 94, 92 ಬಂತು. ಆ ತಿನಿಸಿನ ಸರಿಯಾದ ಅಳತೆಯನ್ನು ಇಲ್ಲಿ ಬರೆಯುವುದಿಲ್ಲ. ಅದು ಆರು ಸಲ ತಪ್ಪಿ ನನ್ನ ಮೈಗೆ ಕಂಡುಕೊಂಡ ಅಳತೆ. ಇನ್ನೊಬ್ಬರು ಹಾಗೆಯೇ ನಕಲು ಮಾಡಿದರೆ ಕೆಡುತ್ತದೆ. ಕಾರ್ಬೋಹೈಡ್ರೇಟ್ 15 ಮತ್ತು 25 ಗ್ರಾಮಿನ ನಡುವೆ ಇತ್ತು ಎಂದಷ್ಟೇ ಹೇಳಬಲ್ಲೆ. ರಾತ್ರಿಯ ಊಟಕ್ಕೂ ಈ ತಿನಿಸಿಗೂ ನಡುವೆ ಎಷ್ಟು ಹೊತ್ತು ಬಿಡಬೇಕೆಂಬುದರಲ್ಲಿಯೂ ಒಂದು ಗುಟ್ಟಿದೆ, ಅದನ್ನು ತಮ್ಮ ಪುಸ್ತಕ ತೆರೆದು ತೋರಿಸಿದವರಿಗೆ ಮಾತ್ರ ಹೇಳುತ್ತೇನೆ.

ತಿನಿಸಿನ ನಂತರದ ಎರಡನೆಯ ಬದಲಾವಣೆ ನಡಿಗೆ. ದಿನಕ್ಕೊಮ್ಮೆ ನಲವತ್ತು ನಿಮಿಷ ನಡೆಯುತ್ತಿದ್ದುದನ್ನು ಬಿಟ್ಟು, ಮೂರು ಊಟಗಳ ಬೆನ್ನಿಗೇ ಹನ್ನೆರಡು ಹದಿನೈದು ನಿಮಿಷದಂತೆ ಹಂಚಿಕೊಂಡೆ. ರಾತ್ರಿಯ ನಡಿಗೆ ತಪ್ಪಿದ ದಿನ ಮರುದಿನದ ಫಾಸ್ಟಿಂಗ್ ಮೂರು ನಾಲ್ಕು ಅಂಕ ಮೇಲಿರುತ್ತಿತ್ತು. ಮೂರನೆಯದು ಚುಚ್ಚಿಕೊಳ್ಳುವ ಹೊತ್ತು: ರಾತ್ರಿಯ ತಿನಿಸಿನಿಂದ ಎಂಟೂವರೆ ಗಂಟೆ ಕಳೆದ ಕೂಡಲೇ, ಎದ್ದು ಮನೆಕೆಲಸಕ್ಕೆ ಕೈ ಹಚ್ಚುವ ಮೊದಲೇ. ಬೆಳಗಿನ ತಿಂಡಿಯನ್ನೂ ಎರಡಾಗಿ ಒಡೆದೆ, ಏಕೆಂದರೆ ಮಧ್ಯಾಹ್ನ ತಿಂದರೆ 118 ಬರುವ ಅದೇ ಎರಡು ಬ್ರೆಡ್ ತುಂಡುಗಳು ಬೆಳಗ್ಗೆ ತಿಂದರೆ 150 ತಲುಪುತ್ತಿದ್ದವು. 29ನೆಯ ವಾರದ ಕೊನೆಗೆ ಏಳು ದಿನಗಳ ಫಾಸ್ಟಿಂಗ್‌ನಲ್ಲಿ ಆರು 88 ಮತ್ತು 93ರ ನಡುವೆ ಇದ್ದವು, ಒಂದು 95. ಕೀಟೋನ್ ಪಟ್ಟಿಯ ಬಣ್ಣ ಬದಲಾಗುವುದು ನಿಂತಿತು, ಇಳಿದಿದ್ದ ತೂಕ ಮರಳಿ ಬಂತು. ಆ ಪುಟವನ್ನು ವೈದ್ಯರು ಎರಡು ಸಲ ಓದಿ, ಇನ್ಸುಲಿನ್ ಮಾತನ್ನು ಮುಂದಕ್ಕೆ ಹಾಕಿದರು. ಅತ್ತೆಯವರೂ ಅಂದಿನಿಂದ ಹತ್ತು ಗಂಟೆಗೆ ತಾವೇ ತಟ್ಟೆ ತಂದಿಡತೊಡಗಿದರು.

ಹಣದ ವಿಷಯವನ್ನು ಹೇಳಲೇಬೇಕು. ಶುಗರ್ ನೋಡುವ ಮೀಟರ್ ಅಗ್ಗ, ಪ್ರತಿ ಸಲ ಅದಕ್ಕೆ ಹೊಸದಾಗಿ ಹಾಕುವ ಸ್ಟ್ರಿಪ್ ದುಬಾರಿ. ನಮ್ಮ ಖರ್ಚೆಲ್ಲ ಸ್ಟ್ರಿಪ್‌ಗಳಲ್ಲೇ ಹೋಗುತ್ತದೆ. ದಿನಕ್ಕೆ ನಾಲ್ಕು ಎಂದು ಹೇಳಿದ್ದರೂ ಮೊದಲ ಮೂರು ವಾರ ನಾನು ಏಳೆಂಟು ಬಳಸಿದೆ, ಹೆದರಿ ಮತ್ತೆ ಮತ್ತೆ ನೋಡಿಕೊಂಡದ್ದನ್ನೂ ಸೇರಿಸಿ. ಒಟ್ಟು ಐವತ್ತರ ಒಂಬತ್ತು ಡಬ್ಬಿಗಳಾದವು ಎಂದು ನೆನಪು. ಅದರಲ್ಲಿ ಒಂದು ಡಬ್ಬಿಯ ಮುಚ್ಚಳ ರಾತ್ರಿಯಿಡೀ ತೆರೆದೇ ಉಳಿದು, ಮರುದಿನ ಒಂದೇ ಬೆರಳಿನಲ್ಲಿ 91 ಮತ್ತು 117 ತೋರಿಸಿತು. ತೇವ ಹಿಡಿದ ಸ್ಟ್ರಿಪ್ ಎಂದು ಇಡೀ ಡಬ್ಬಿಯನ್ನು ಎಸೆಯಬೇಕಾಯಿತು, ಅದಕ್ಕಾಗಿ ಇಂದಿಗೂ ನನಗೆ ಹೊಟ್ಟೆ ಉರಿಯುತ್ತದೆ. ಉಳಿತಾಯವೆಂದು ಲ್ಯಾನ್ಸೆಟ್ ಸೂಜಿಯನ್ನು ನಾಲ್ಕೈದು ದಿನ ಬದಲಿಸದೆ ಬಳಸಿ ಬೆರಳು ಗಟ್ಟಿಯಾದದ್ದೇ ಬಂತು. ನಿಜವಾದ ಉಳಿತಾಯವಾದದ್ದು, ಗೊತ್ತಿರುವ ಊಟವನ್ನು ಮತ್ತೆ ಅಳೆಯುವುದನ್ನು ವೈದ್ಯರನ್ನು ಕೇಳಿ ಕಡಿಮೆ ಮಾಡಿ, ಹೊಸ ಊಟಕ್ಕೂ ಬೆಳಗಿಗೂ ಸ್ಟ್ರಿಪ್ ಮೀಸಲಿಟ್ಟಾಗ.

ನಡುವೆ ಒಂದು ಸಲ, ಹಗಲೂ ರಾತ್ರಿ ಶುಗರ್ ಅಳೆಯುವ, ತೋಳಿಗೆ ಅಂಟಿಸುವ ಸೆನ್ಸರ್ ಕೊಂಡೆ. ಹದಿನಾಲ್ಕು ದಿನ ಬರುವ ಅದಕ್ಕೆ ಕೊಟ್ಟ ಹಣದಲ್ಲಿ ಎರಡು ಡಬ್ಬಿಗಿಂತ ಹೆಚ್ಚು ಸ್ಟ್ರಿಪ್ ಬರುತ್ತಿತ್ತು. ಮೂರನೆಯ ರಾತ್ರಿ ಎರಡು ಗಂಟೆಗೆ ಅದು 58 ಎಂದು ತೋರಿಸಿ ಕಿರುಚಿತು. ರಾತ್ರಿ ಶುಗರ್ ಪಾತಾಳಕ್ಕೆ ಬಿದ್ದು ಬೆಳಗ್ಗೆ ಏರುತ್ತಿದೆ ಎಂದು ನಾನು ಗಾಬರಿಯಾದೆ. ಬೆರಳು ಚುಚ್ಚಿದರೆ 84. ಎಡಮಗ್ಗುಲಿಗೆ ಮಲಗಬೇಕೆಂದು ಮಲಗುತ್ತಿದ್ದೆ, ಸೆನ್ಸರ್ ಇದ್ದದ್ದೂ ಎಡತೋಳಿನಲ್ಲೇ. ಮೈಭಾರದ ಒತ್ತಡ ಬಿದ್ದರೆ ಅದು ಸುಳ್ಳು ಇಳಿತ ತೋರಿಸುತ್ತದೆ. ಮಗ್ಗುಲಾಗದ ತೋಳಿಗೆ ಹಾಕಿಕೊಳ್ಳಬೇಕೆಂದು ಮೊದಲೇ ತಿಳಿದಿದ್ದರೆ ಮೂರು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಆದರೂ ಆ ಖರ್ಚು ವ್ಯರ್ಥವಾಗಲಿಲ್ಲ. ನನ್ನ ಶುಗರ್ ಮೂರೂವರೆಯವರೆಗೆ ಸಮನಾಗಿದ್ದು ಆಮೇಲೆ ಏರುವುದು ಆ ಗೆರೆಯಲ್ಲಿ ಸ್ಪಷ್ಟವಾಗಿ ಕಂಡಿತು, ರಾತ್ರಿಯ ತಿನಿಸು ತಪ್ಪಿದ ದಿನ ಆ ಏರು ಇನ್ನೂ ಕಡಿದಾಗಿತ್ತು.

ಸಣ್ಣಪುಟ್ಟ ಪರೀಕ್ಷೆಗಳನ್ನು ಇನ್ನೂ ಮಾಡಿದೆ. ಕಿತ್ತಳೆ ಸುಲಿದ ಕೈಯಲ್ಲೇ ಚುಚ್ಚಿಕೊಂಡಾಗ 143, ಸೋಪಿನಲ್ಲಿ ತೊಳೆದು ಒರೆಸಿಕೊಂಡು ನೋಡಿದರೆ 109. ಅನ್ನವನ್ನು ಆರಿಸಿ, ತಂಪುಪೆಟ್ಟಿಗೆಯಲ್ಲಿಟ್ಟು ಮರುದಿನ ಬಿಸಿ ಮಾಡಿ ತಿಂದಾಗ ಮೂರರಲ್ಲಿ ಎರಡು ಸಲ ಎಂಟು ಹತ್ತು ಅಂಕ ಕಡಿಮೆ ಬಂತು. ಆದರೆ ಒಳ್ಳೆಯ ಮೀಟರಿಗೂ ಶೇಕಡಾ 15ರಷ್ಟು ಆಚೀಚೆಯಾಗಲು ಅವಕಾಶವಿರುವುದರಿಂದ ಅದನ್ನು ಗೆಲುವೆಂದು ಬರೆದುಕೊಳ್ಳಲಿಲ್ಲ. ಮೊದಲು ತರಕಾರಿ ಮತ್ತು ಕಾಳು, ಕೊನೆಯಲ್ಲಿ ಅನ್ನ ಎಂಬ ಕ್ರಮ ಮಾತ್ರ ಪ್ರತಿ ಸಲವೂ ಇಪ್ಪತ್ತರ ಹತ್ತಿರ ಇಳಿಸಿತು; ಅದನ್ನು ಹೆರಿಗೆಯವರೆಗೂ ಬಿಡಲಿಲ್ಲ.

33ನೆಯ ವಾರದಲ್ಲಿ ನಾಲ್ಕು ದಿನ ಸತತವಾಗಿ 96, 98, 97, 99 ಬಂತು. ಅದೇ ತಿನಿಸು, ಅದೇ ನಡಿಗೆ, ಅದೇ ಹೊತ್ತು. ಆ ವಾರಗಳಲ್ಲಿ ಮಾಸಿನ (ಪ್ಲಾಸೆಂಟಾದ) ಹಾರ್ಮೋನುಗಳ ಒತ್ತಡ ಏರುತ್ತಲೇ ಇರುತ್ತದೆ, ಆಹಾರದಿಂದ ಹಿಡಿದಿಡಬಹುದಾದದ್ದಕ್ಕೂ ಒಂದು ಕೊನೆಯಿದೆ ಎಂದು ನನಗೆ ಅರ್ಥವಾಯಿತು, ಆದರೂ ಆ ರಾತ್ರಿ ನಾನು ಅತ್ತುಬಿಟ್ಟೆ. ವೈದ್ಯರು ಮಲಗುವಾಗ ನಿಧಾನವಾಗಿ ಕೆಲಸ ಮಾಡುವ ಇನ್ಸುಲಿನ್ ಆರು ಯೂನಿಟ್ ಬರೆದರು, ಮೂರು ದಿನಕ್ಕೆ ಎರಡರಂತೆ ಏರಿಸಿ ಹನ್ನೆರಡಕ್ಕೆ ನಿಲ್ಲಿಸಿದರು. ಹಾಗಾದರೆ ನಿನ್ನ ಊಟದ ಕ್ರಮ ಸೋತಂತಾಯಿತಲ್ಲ ಎಂದು ಇಬ್ಬರು ಕೇಳಿದರು. ನಾನು ಒಪ್ಪುವುದಿಲ್ಲ. 28ನೆಯ ವಾರಕ್ಕೆ ಆರಂಭವಾಗಬೇಕಿದ್ದ ಚುಚ್ಚುಮದ್ದು ಐದು ವಾರ ಮುಂದೆ ಹೋಯಿತು, ಆ ಐದು ವಾರಗಳಲ್ಲಿ ಬಹುಪಾಲು ದಿನ ಮಗುವಿಗೆ ಒಳ್ಳೆಯ ಅಂಕಿಗಳೇ ಸಿಕ್ಕವು, ಹನ್ನೆರಡೇ ಯೂನಿಟ್‌ಗಳಲ್ಲಿ ನನಗೆ 86ರಿಂದ 91 ಬಂತು. ಇನ್ಸುಲಿನ್ ಮಾಸನ್ನು ದಾಟಿ ಮಗುವಿಗೆ ಹೋಗುವುದಿಲ್ಲ, ನನ್ನ ರಕ್ತದ ಹೆಚ್ಚಿನ ಸಕ್ಕರೆಯಾದರೆ ಹೋಗುತ್ತದೆ. ಬೇಕಾದಾಗಲೂ ಚುಚ್ಚುಮದ್ದಿಗೆ ಹೆದರಿ ದಿನ ತಳ್ಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಾಲ್ಕು ಮಿಲಿಮೀಟರಿನ ಸೂಜಿ ಬೆರಳಿಗೆ ಚುಚ್ಚುವ ಲ್ಯಾನ್ಸೆಟ್‌ಗಿಂತ ಕಡಿಮೆ ನೋಯುತ್ತದೆ. ರಾತ್ರಿಯ ತಿನಿಸನ್ನು ಆಗಲೂ ಬಿಡಲಿಲ್ಲ.

36ನೆಯ ವಾರದ ಸ್ಕ್ಯಾನಿನಲ್ಲಿ ಮಗುವಿನ ಹೊಟ್ಟೆಯ ಸುತ್ತಳತೆ ಸರಾಸರಿಯ ಆಸುಪಾಸಿನಲ್ಲೇ ಇತ್ತು, ಮಗುವಿನ ಸುತ್ತಲಿನ ಗರ್ಭಜಲವೂ ಹೆಚ್ಚಾಗಿರಲಿಲ್ಲ. 39ನೆಯ ವಾರದಲ್ಲಿ ಸಹಜ ಹೆರಿಗೆಯಾಯಿತು. ಮಗಳ ತೂಕ ಮೂರು ಕಿಲೋ ನೂರೈವತ್ತು ಗ್ರಾಂ ಸುಮಾರು. ಒಂದು ಗಂಟೆಯೊಳಗೆ ಎದೆಹಾಲು ಕುಡಿಸಿದೆವು. ಅವಳ ಹಿಮ್ಮಡಿ ಚುಚ್ಚಿ ಮೊದಲ ದಿನವಿಡೀ ಶುಗರ್ ನೋಡಿದರು, ಒಮ್ಮೆಯೂ ಕೆಳಗಿಳಿಯಲಿಲ್ಲ. ಇನ್ಸುಲಿನ್ ಅಂದೇ ನಿಂತಿತು.

ಹೆರಿಗೆಯಾದ ಎಂಟನೆಯ ವಾರಕ್ಕೆ, ಮಧುಮೇಹ ಉಳಿದಿದೆಯೇ ಎಂದು ತಿಳಿಯಲು, ಮತ್ತೆ 75 ಗ್ರಾಂ ಗ್ಲೂಕೋಸಿನ ಪರೀಕ್ಷೆ ಇತ್ತು. ಮಗುವಿನ ಆರೈಕೆಯಲ್ಲಿ ಇದನ್ನು ಮರೆಯುವವರು ಬಹಳ, ನಾನು ಹೆರಿಗೆಗೆ ಮೊದಲೇ ದಿನ ಗೊತ್ತು ಮಾಡಿಸಿಕೊಂಡಿದ್ದೆ. ಮುಂದಿನದನ್ನೂ ವರ್ಷಕ್ಕೆ ಸರಿಯಾಗಿ ಬರೆಸಿಟ್ಟಿದ್ದೇನೆ. ಪರೀಕ್ಷೆಯ ಹಿಂದಿನ ಸಂಜೆ ಎಂಟಕ್ಕೆ ಊಟ ಮುಗಿಸಿ, ಹತ್ತು ಗಂಟೆಯ ತಿನಿಸಿಲ್ಲದೆ ಮಲಗಿದೆ. ಬೆಳಗಿನ ಅಂಕಿ 87 ಬಂತು, ಎರಡು ಗಂಟೆಯ ನಂತರ 118.