ವಿಷ ಸೋರಿದಾಗ ಕ್ರೈಸ್ತ ಸಭೆ ಮಾಡಬೇಕಾದ ಕೆಲಸ

ಕಾರ್ಖಾನೆಯಿಂದ ಅನಿಲ ಸೋರಿತು, ನದಿಗೆ ರಾಸಾಯನಿಕ ಸೇರಿತು ಎಂಬ ಸುದ್ದಿ ಬಂದ ಕೂಡಲೇ ವಿಶ್ವಾಸಿಗಳ ನಡುವೆ ಎರಡು ಮಾತು ಹುಟ್ಟುತ್ತವೆ. ‘ಇದು ದೇವರ ಶಿಕ್ಷೆ’ ಎಂಬುದು ಒಂದು. ‘ಕ್ಷಮಿಸಿಬಿಡೋಣ’ ಎಂಬುದು ಇನ್ನೊಂದು. ಬುರುಜು ಬಿದ್ದು ಸತ್ತ 18 ಮಂದಿ ಉಳಿದವರಿಗಿಂತ ದೊಡ್ಡ ಪಾಪಿಗಳಲ್ಲ ಎಂದು ಯೇಸುವೇ ಹೇಳಿದ್ದಾರೆ (ಬೈಬಲ್, ಲೂಕ 13:4). ಮೊದಲನೆಯ ಮಾತನ್ನು ಅಲ್ಲಿಗೇ ಬಿಡಿ. ಎರಡನೆಯದಕ್ಕೆ ಆಮೇಲೆ ಬರೋಣ, ಮೊದಲು ಜೀವ ಉಳಿಯಲಿ.

ಒಳಗೇ ಇರಿ ಎಂದು ಅಧಿಕಾರಿಗಳು ಹೇಳಿದರೆ ಕಿಟಕಿ ಬಾಗಿಲು ಮುಚ್ಚಿ, ಸಂದುಗಳಿಗೆ ಒದ್ದೆ ಬಟ್ಟೆ ತುರುಕಿ. ಬಯಲಲ್ಲಿ ಸಿಕ್ಕಿಕೊಂಡವರು ಗಾಳಿ ಬೀಸುವ ದಿಕ್ಕಿನಲ್ಲಿ ಓಡದೆ ಅದಕ್ಕೆ ಅಡ್ಡಲಾಗಿ ಸಾಗಬೇಕು. ಕ್ಲೋರಿನ್‌ನಂಥ ಅನಿಲ ಗಾಳಿಗಿಂತ ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಎತ್ತರದ ಜಾಗ ಹಿಡಿಯಿರಿ. ನೀರು ಕೆಟ್ಟಿದ್ದರೆ ಕುದಿಸಿ ಕುಡಿಯಿರಿ ಎಂದು ಯಾರಿಗೂ ಹೇಳಬೇಡಿ. ಕುದಿಸಿದರೆ ರೋಗಾಣು ಸಾಯುತ್ತವೆ, ಸೀಸ ಆರ್ಸೆನಿಕ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವು ಗಾಢವಾಗುತ್ತವೆ. ಬೇರೆ ಕಡೆಯಿಂದ ನೀರು ತರಿಸಬೇಕು. ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ಎಂದು ಲೆಕ್ಕ ಹಾಕಿ. ಸಭೆಗೆ ಬಾರದವರ ಮನೆಗೂ ಅದೇ ಅಳತೆ.

ಸಾಕ್ಷ್ಯವನ್ನು ತಡಮಾಡದೆ ಕೂಡಿಡಬೇಕು, ಹರಿಯುವ ನೀರು ಕಾಯುವುದಿಲ್ಲ. ಸೋರಿದ ಜಾಗಕ್ಕಿಂತ ಮೇಲ್ಭಾಗದಲ್ಲಿ ಒಂದು, ಕೆಳಭಾಗದಲ್ಲಿ ಒಂದು ಮಾದರಿ ಬೇಕು. ಮೇಲಿನದು ಇಲ್ಲದಿದ್ದರೆ, ವಿಷ ಮೊದಲಿನಿಂದಲೂ ಇತ್ತು ಎಂದು ಕಂಪನಿ ವಾದಿಸುತ್ತದೆ. ಬಾಟಲಿಗಳನ್ನು ಪ್ರಯೋಗಾಲಯದಿಂದಲೇ ತನ್ನಿ: ಎಣ್ಣೆ ಅಂಶದ ಪರೀಕ್ಷೆಗೆ ಗಾಜಿನದು, ಲೋಹಕ್ಕೆ ಪ್ಲಾಸ್ಟಿಕ್ಕಿನದು. ಜಾಗ, ದಿನಾಂಕ, ಗಂಟೆ ಬರೆದು ಐಸ್ ಪೆಟ್ಟಿಗೆಯಲ್ಲಿ ಸುಮಾರು 4 ಡಿಗ್ರಿಯಲ್ಲಿಡಿ. ಬಾಟಲಿ ಕೈ ಬದಲಾದಾಗಲೆಲ್ಲ ಕೊಟ್ಟವರೂ ಪಡೆದವರೂ ಸಮಯ ನಮೂದಿಸಿ ಸಹಿ ಹಾಕಬೇಕು. ಈ ಸರಪಳಿಯಲ್ಲಿ ಒಂದು ಸಹಿ ತಪ್ಪಿದರೂ ನ್ಯಾಯಾಲಯದಲ್ಲಿ ವರದಿಯ ಬಲ ಕುಗ್ಗುತ್ತದೆ. ಇಬ್ಬರು ಮೂವರು ಸಾಕ್ಷಿಗಳಿರಲಿ ಎಂಬ ಧರ್ಮೋಪದೇಶಕಾಂಡದ ಮಾತು (19:15) ಇಲ್ಲಿ ಅಕ್ಷರಶಃ ಕೆಲಸಕ್ಕೆ ಬರುತ್ತದೆ. ಕಣ್ಣಾರೆ ಕಂಡದ್ದನ್ನೂ ಕೇಳಿ ತಿಳಿದದ್ದನ್ನೂ ಬೇರೆ ಬೇರೆ ಬರೆದಿಡಿ.

ಕಂಪನಿಯ ಅಧಿಕಾರಿ ನಿಮ್ಮ ಸಭೆಯವರೇ ಆಗಿದ್ದರೆ, ‘ಮೊದಲು ಅವರೊಂದಿಗೆ ಒಂಟಿಯಾಗಿ ಮಾತಾಡಿ’ ಎಂದು ಮತ್ತಾಯ 18ನ್ನು ಎತ್ತುವವರಿರುತ್ತಾರೆ. ಅದು ಸಹೋದರರ ನಡುವಿನ ತಪ್ಪಿನ ಮಾತು. ಊರಿನ ನೀರಿಗೆ ವಿಷ ಸೇರುತ್ತಿರುವಾಗ ದೂರು ಅದೇ ದಿನ ಮಾಲಿನ್ಯ ನಿಯಂತ್ರಣ ಸಂಸ್ಥೆಗೆ ಹೋಗಬೇಕು. ಆ ವ್ಯಕ್ತಿಯೊಂದಿಗಿನ ಸಭಾಪಾಲಕರ ಮಾತುಕತೆ ಅದರ ಜೊತೆಗೇ ನಡೆಯಲಿ.

ಈಗ ಕ್ಷಮೆಯ ವಿಷಯ. ಕ್ಷಮಿಸುವ ಹಕ್ಕು ನೊಂದವರದು, ಅವರ ಪರವಾಗಿ ಸಭೆ ಕ್ಷಮಿಸುವಂತಿಲ್ಲ. ಕ್ಷಮಿಸಿದರೂ ಸಾಲ ತೀರುವುದಿಲ್ಲ. ಕಿತ್ತುಕೊಂಡದ್ದನ್ನು ಪೂರ್ತಿಯಾಗಿ, ಜೊತೆಗೆ ಐದನೆಯ ಒಂದು ಪಾಲು ಸೇರಿಸಿ ಹಿಂದಿರುಗಿಸಬೇಕೆನ್ನುತ್ತದೆ ಯಾಜಕಕಾಂಡ (6:5). ಯಜ್ಞದ ಮಾತು ಬರುವುದು ಅದಾದ ಮೇಲೆ. ಗುಂಡಿ ಮುಚ್ಚದೆ ಬಿಟ್ಟವನು ಬಿದ್ದ ಎತ್ತಿನ ಬೆಲೆ ತೆರಬೇಕು (ವಿಮೋಚನಕಾಂಡ 21:33-34). ಭೋಪಾಲದಲ್ಲಿ 1984ರ ಡಿಸೆಂಬರ್ 2ರ ರಾತ್ರಿ ವಿಷಾನಿಲ ಸೋರಿದಾಗ ಟ್ಯಾಂಕನ್ನು ತಣ್ಣಗಿಡುವ ಯಂತ್ರ ಮೊದಲೇ ನಿಂತಿತ್ತು, ಅನಿಲ ಸುಡುವ ಗೋಪುರವೂ ಕೆಲಸಕ್ಕಿರಲಿಲ್ಲ. ತೆರೆದಿಟ್ಟ ಗುಂಡಿ ಎಂದರೆ ಇದೇ.

ಪರಿಹಾರದ ಕಾಗದ ಬಂದಾಗ ಅವಸರ ಬೇಡ. 2010ರ ಮೆಕ್ಸಿಕೋ ಕೊಲ್ಲಿಯ ತೈಲ ಸೋರಿಕೆಯ ನಂತರ ಕೂಡಲೇ ಹಣ ಬೇಕೆಂದವರಿಗೆ ವ್ಯಕ್ತಿಗೆ 5,000, ವ್ಯಾಪಾರಕ್ಕೆ 25,000 ಡಾಲರ್ ಕೊಡುವ ಏರ್ಪಾಡಿತ್ತು. ಪಡೆದವರು ಮುಂದೆ ಮೊಕದ್ದಮೆ ಹೂಡುವ ಹಕ್ಕನ್ನು ಬಿಟ್ಟುಕೊಡಬೇಕಿತ್ತು. ಸಭೆ ಮಾಡಬಹುದಾದ ದೊಡ್ಡ ಉಪಕಾರವೆಂದರೆ ಸಹಿಗೆ ಮುನ್ನ ಕಾಗದವನ್ನು ಜನರ ಭಾಷೆಯಲ್ಲಿ ಓದಿ ಹೇಳಬಲ್ಲ ವಕೀಲರನ್ನು ಕರೆಸುವುದು, ಆವರೆಗೆ ಆ ಮನೆಗಳ ದಿನಸಿಗೆ ಹಣ ಹೊಂದಿಸುವುದು. ಹಸಿದವರು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾರೆ.

ಅದೇ ಕಂಪನಿ ಆರಾಧನಾಲಯದ ದುರಸ್ತಿಗೆ ದೇಣಿಗೆ ತಂದರೆ ಬೇಡವೆನ್ನಿ. ಸಭೆಯ ನಿಧಿ ಆ ಕಂಪನಿಯ ಷೇರಿನಲ್ಲಿದ್ದರೆ ಮೊದಲು ಪತ್ರ, ಆಮೇಲೆ ಷೇರುದಾರರ ಸಭೆಯಲ್ಲಿ ನಿರ್ಣಯ, ಫಲಿಸದಿದ್ದರೆ ಮಾರಾಟ.

ಈ ಕೆಲಸ ವರ್ಷಗಟ್ಟಲೆ ಎಳೆಯುತ್ತದೆ. ಭೋಪಾಲದ ಕಾರ್ಖಾನೆಯಿಂದ ಸುಮಾರು 337 ಟನ್ ವಿಷತ್ಯಾಜ್ಯವನ್ನು ಸಾಗಿಸಿದ್ದು 2025ರ ಜನವರಿಯಲ್ಲಿ. ಆದ್ದರಿಂದ ದಾಖಲೆಗಳ ಒಂದು ಪ್ರತಿ ಸಭೆಯ ಕಪಾಟಿನಲ್ಲಿ, ಇನ್ನೊಂದು ಬೇರೆಡೆ ಇರಲಿ. ಅವುಗಳ ಹೊಣೆ ಇಬ್ಬರ ಹೆಸರಿನಲ್ಲಿರಲಿ. ಸಭಾಪಾಲಕರ ವರ್ಗಾವಣೆಯಾದಾಗ ಹೊಸಬರಿಗೆ ಕೀಲಿಯ ಜೊತೆ ಈ ಕಡತವನ್ನೂ ಒಪ್ಪಿಸಿ.