ಹೊಸ ಲೇಔಟಿನ ಬೋರ್ ನೀರು ಕುಡಿಯುವ ಮುಂಚೆ ನೈಟ್ರೇಟ್ ನೋಡಿಸಿ

ಹುಬ್ಬಳ್ಳಿ-ಧಾರವಾಡದ ಅಂಚಿನಲ್ಲಿ ಎನ್‌ಎ (ಕೃಷಿಯೇತರ) ಪ್ಲಾಟ್ ತಗೊಂಡು ಮನೆ ಕಟ್ಟಿದ್ದೀರಾ? ಒಳಚರಂಡಿ ಇನ್ನೂ ಬಂದಿಲ್ಲ, ನಳದ ನೀರು ದಿನ ಬಿಟ್ಟು ದಿನವೂ ಬರಲ್ಲ, ಬೋರೇ ಗತಿ ಅನ್ನೋ ಹಾಗಿದ್ದರೆ ಇದು ನಿಮಗೆ. ನೀರು ತಿಳಿಯಾಗಿದೆ ಅಂತ ಸುಮ್ನೆ ಕುಡಿಯಬೇಡಿ. ನೈಟ್ರೇಟ್ ಅಂದರೆ ಮಲಮೂತ್ರ, ಗೊಬ್ಬರದ ಸಾರಜನಕದಿಂದ ಆಗೋ, ನೀರಲ್ಲಿ ಕರಗೋ ವಸ್ತು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನೀರಲ್ಲಿ ಕರಗಿದ್ದನ್ನೆಲ್ಲ ಒಟ್ಟಾಗಿ ಅಳೆಯೋ ಟಿಡಿಎಸ್ ಮೀಟರ್ ಕೂಡ ಅದನ್ನು ಬೇರೆಯಾಗಿ ತೋರಿಸಲ್ಲ.

ಮೊದಲು ಒಂದು ಲೆಕ್ಕ ಹಾಕೋಣ. ನಮ್ಮ ಮಲಮೂತ್ರದಲ್ಲಿ ತಲೆಗೆ ವರ್ಷಕ್ಕೆ ಸುಮಾರು 3 ಕೆಜಿ ಸಾರಜನಕ ಹೋಗುತ್ತದೆ. 45 ಕೆಜಿಯ ಯೂರಿಯಾ ಚೀಲದಲ್ಲಿ ಇರೋದು ಹೆಚ್ಚುಕಡಿಮೆ 21 ಕೆಜಿ. ಅಂದರೆ ಏಳು ಮಂದಿಗೆ ಒಂದು ಚೀಲ. ಒಂದು ಎಕರೆಯಲ್ಲಿ ರಸ್ತೆ ಬಿಟ್ಟು 30×40ರ ಹದಿನೆಂಟು ಇಪ್ಪತ್ತು ಸೈಟ್ ಆಗುತ್ತವೆ, ಮನೆಗೆ ನಾಲ್ಕೇ ಜನ ಹಿಡಿದರೂ ವರ್ಷಕ್ಕೆ ಹತ್ತು ಹನ್ನೊಂದು ಚೀಲ ಯೂರಿಯಾದಷ್ಟಾಯಿತು! ಅದೇ ಎಕರೆಯಲ್ಲಿ ಹತ್ತಿ, ಗೋವಿನಜೋಳ ಬೆಳೆಯುತ್ತಿದ್ದ ರೈತ ಇಷ್ಟು ಸುರಿಯುತ್ತಿರಲಿಲ್ಲ. ಸುರಿದದ್ದರಲ್ಲೂ ಒಂದು ಪಾಲನ್ನು ಬೆಳೆ ಹೀರುತ್ತಿತ್ತು. ಶೌಚದ ನೀರನ್ನು ನೆಲಕ್ಕೆ ಇಂಗಿಸೋ ಇಂಗುಗುಂಡಿಯ ತಳದಲ್ಲಿ ಹೀರೋ ಬೇರಿಲ್ಲ.

ಎಲ್ಲವೂ ಬೋರಿಗೇ ಬರುತ್ತದೆ ಅಂತಲ್ಲ. ಸೆಪ್ಟಿಕ್ ಟ್ಯಾಂಕಿನಲ್ಲಿ ಗಟ್ಟಿ ಭಾಗ ಕೆಳಗೆ ಕೂರುತ್ತದೆ, ಆದರೆ ಸಾರಜನಕದ ದೊಡ್ಡ ಪಾಲು ಅಮೋನಿಯಂ ಆಗಿ ನೀರಿನ ಜೊತೆ ಗುಂಡಿಗೆ ಹೋಗುತ್ತದೆ. ಗಾಳಿಯಾಡುವ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಮೋನಿಯಂ ಅನ್ನು ಎರೆಮಣ್ಣು ಹಿಡಿದುಕೊಳ್ಳುತ್ತದೆ, ನೈಟ್ರೇಟನ್ನು ಹಿಡಿಯಲ್ಲ. ಮಳೆ ನೀರಿನ ಜೊತೆ ಅದು ಬಂಡೆಯ ಸಂದಿಗೆ ಇಳಿಯುತ್ತದೆ. ಗಾಳಿ ಇಲ್ಲದ ಜೌಗು ಮಣ್ಣಿನಲ್ಲಿ ಮಾತ್ರ ಬೇರೆ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ಒಡೆದು ಸಾರಜನಕವನ್ನು ವಾಪಸ್ ಗಾಳಿಗೆ ಬಿಡುತ್ತವೆ. ಕೆರೆ ಅಂಚಿನ ಜೌಗಿಗೆ ಮಣ್ಣು ತುಂಬಿ ಸೈಟ್ ಮಾಡಿದರೆ ಈ ಕೆಲಸವೂ ನಿಂತಿತು. ಕರಾವಳಿಯಲ್ಲಿ ಇದರ ಪರಿಣಾಮ ಸಮುದ್ರದಲ್ಲೇ ಕಾಣುತ್ತದೆ: ಅಮೆರಿಕದ ಕೇಪ್ ಕಾಡ್‌ನಲ್ಲಿ ಮನೆಗಳು ಹೆಚ್ಚಾದ ಹಾಗೆ ಸೆಪ್ಟಿಕ್ ಟ್ಯಾಂಕುಗಳ ಸಾರಜನಕ ಮರಳಿನೊಳಗೆ ಇಳಿದು, ಅಂತರ್ಜಲದ ಜೊತೆ ವಾಕ್ವಾಯ್ಟ್ ಕೊಲ್ಲಿ ಸೇರಿ, ಪಾಚಿ ಹಬ್ಬಿ ನೀರಡಿಯ ಹುಲ್ಲೇ ನಾಶವಾಯಿತು. ನಮ್ಮಲ್ಲಿ ಸಮುದ್ರ ಇಲ್ಲ, ಬೋರ್ ಇದೆ.

ಈಗ ಪರೀಕ್ಷೆ. ಹತ್ತು ನಿಮಿಷ ಮೋಟರ್ ಓಡಿಸಿ, ಓವರ್‌ಹೆಡ್ ಟ್ಯಾಂಕಿನಿಂದಲ್ಲ, ಬೋರಿನ ಪೈಪಿನಿಂದಲೇ ನೀರು ಹಿಡಿಯಿರಿ. ಬಾಟಲಿ ಲ್ಯಾಬಿನವರೇ ಕೊಡೋ ಕ್ರಿಮಿಯಿಲ್ಲದ್ದಿರಲಿ, ತಂಪಾಗಿಟ್ಟು ಅವತ್ತೇ ಲ್ಯಾಬಿಗೆ ಕೊಡಿ. ನೈಟ್ರೇಟ್ ಜೊತೆ ಕ್ಲೋರೈಡ್ (ಉಪ್ಪಿನ ಅಂಶ), ಕೋಲಿಫಾರ್ಮ್ (ಮಲದ ಸುಳಿವು ಕೊಡೋ ಬ್ಯಾಕ್ಟೀರಿಯಾ) ಕೂಡ ನೋಡಲು ಹೇಳಿ, ಯಾಕೆಂದರೆ ನೈಟ್ರೇಟ್ ಮತ್ತು ಕ್ಲೋರೈಡ್ ಎರಡೂ ಒಟ್ಟಿಗೆ ಏರಿದ್ದರೆ ಮೊದಲು ಶೌಚದ ನೀರಿನ ಮೇಲೆ ಅನುಮಾನ ಪಡಬೇಕು. ಗದಗ ಕಡೆಯವರು ಫ್ಲೋರೈಡನ್ನೂ ಸೇರಿಸಿ. ಬೇಸಿಗೆಯಲ್ಲಿ ಒಮ್ಮೆ, ಮಳೆ ಶುರುವಾದ ಮೇಲೆ ಒಮ್ಮೆ ಮಾಡಿಸಿ. ಎರೆಮಣ್ಣು ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ ಅಲ್ವಾ, ಮೊದಲ ದೊಡ್ಡ ಮಳೆ ಆ ಬಿರುಕಿನಲ್ಲಿ ನೇರ ಕೆಳಗೆ ಹೋಗುತ್ತದೆ.

ರಿಪೋರ್ಟ್ ಓದುವಾಗ ಒಂದು ಎಚ್ಚರ. ನಮ್ಮ ದೇಶದ ಮಿತಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್, ಅದಕ್ಕೆ ಸಡಿಲಿಕೆ ಇಲ್ಲ. ಆದರೆ ಕೆಲವು ಲ್ಯಾಬುಗಳು 'ನೈಟ್ರೇಟ್ ನೈಟ್ರೋಜನ್' ಅಂತ, ಅಂದರೆ ನೈಟ್ರೇಟಿನೊಳಗಿನ ಸಾರಜನಕದ ತೂಕ ಮಾತ್ರ ಬರೆಯುತ್ತವೆ, ಆಗ ಆ ಅಂಕಿಯನ್ನು 4.4ರಿಂದ ಗುಣಿಸಿ. 12 ಅಂತ ನೋಡಿ ನೆಮ್ಮದಿ ಪಟ್ಟರೆ ತಪ್ಪು, ಅದು ನಿಜಕ್ಕೂ 53.

ಮಿತಿ ದಾಟಿದ್ದರೆ ದಯವಿಟ್ಟು ಕುದಿಸಬೇಡಿ. ನೀರು ಆವಿಯಾಗಿ ನೈಟ್ರೇಟ್ ಇನ್ನೂ ದಟ್ಟವಾಗುತ್ತದೆ. ಕ್ಯಾಂಡಲ್ ಫಿಲ್ಟರ್, ಯುವಿ ಕೂಡ ತೆಗೆಯಲ್ಲ, ಆರ್‌ಒ ತೆಗೆಯುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಪುಡಿಹಾಲು ಕಲಸಲು ಈ ನೀರು ಬೇಡವೇ ಬೇಡ. ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಒಯ್ಯೋದು ಕಡಿಮೆಯಾಗಿ, ಮಗುವಿನ ತುಟಿ, ಉಗುರು ನೀಲಿಯಾಗುತ್ತವೆ. ಹಾಗೆ ಕಂಡರೆ ತಡ ಮಾಡದೆ ಆಸ್ಪತ್ರೆಗೆ ಓಡಿ. ಬಟ್ಟೆ, ಪಾತ್ರೆ, ಗಿಡಕ್ಕೆ ಅದೇ ನೀರು ನಡೆಯುತ್ತದೆ, ಗಿಡಕ್ಕೆ ಯೂರಿಯಾ ಹಾಕೋದನ್ನು ಕಡಿಮೆ ಮಾಡಿ ಅಷ್ಟೇ.

ಇನ್ನು ಬೋರಿಗೂ ಗುಂಡಿಗೂ ಇರಬೇಕಾದ ಅಂತರದ ಮಾತು. ಕುಡಿಯುವ ನೀರಿನ ಮೂಲದಿಂದ ಇಂಗುಗುಂಡಿ 18 ಮೀಟರ್ ಆಚೆ ಇರಬೇಕು, ಅಂದರೆ ಹತ್ತಿರ 60 ಅಡಿ. 30×40 ಸೈಟಿನಲ್ಲಿ ಮೂಲೆಯಿಂದ ಮೂಲೆಗೇ 50 ಅಡಿ! ಕಾಂಪೌಂಡಿನ ಆಚೆ ಪಕ್ಕದ ಮನೆಯವರ ಗುಂಡಿ ಬೇರೆ. ಹಾಗಾಗಿ ಕೈಲಾದದ್ದನ್ನಾದರೂ ಮಾಡಿ. ಬೋರಿನ ಬಾಯಿ ನೆಲಕ್ಕಿಂತ ಎತ್ತರ ಇರಲಿ, ಕೇಸಿಂಗ್ ಸುತ್ತ ಬಿರುಕು ಇರದ ಹಾಗೆ ಸಿಮೆಂಟ್ ತುಂಬಿಸಿ. ಮಳೆನೀರು ಇಂಗಿಸುವುದಾದರೆ ಚಾವಣಿಯ ನೀರು ಮಾತ್ರ, ಅಂಗಳದ್ದು, ದನದ ಕೊಟ್ಟಿಗೆಯದ್ದು ಬೇಡ. ಸೆಪ್ಟಿಕ್ ಟ್ಯಾಂಕನ್ನು ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ, ಲಾರಿಯವರು ಅದನ್ನು ಎಲ್ಲಿ ಚೆಲ್ಲುತ್ತಾರೆ ಅಂತಲೂ ಕೇಳಿ.

ಒಬ್ಬರ ರಿಪೋರ್ಟಿಗಿಂತ ಇಡೀ ಗಲ್ಲಿಯ ರಿಪೋರ್ಟ್ ಹೆಚ್ಚು ಹೇಳುತ್ತದೆ. ನಾಲ್ಕೈದು ಮನೆಯವರು ಒಂದೇ ದಿನ ನೀರು ಹಿಡಿಯಿರಿ, ಬಾಟಲಿ ಮೇಲೆ ಬೋರಿನ ಆಳ ಮತ್ತು ಗುಂಡಿಗೆ ಇರುವ ದೂರ ಬರೆಯಿರಿ. ಒಳಚರಂಡಿ ಬೇಕು ಅಂತ ಕಾರ್ಪೊರೇಷನ್ನಿಗೆ ಅರ್ಜಿ ಕೊಡುವಾಗ ಆ ಕಾಗದಗಳನ್ನೇ ಲಗತ್ತಿಸಿ.